ಬೋರ್ ನೀರಿನ ಪಿಎಚ್ ರಾತ್ರೋರಾತ್ರಿ ಏರಿದ್ದೇಕೆ?

ನಮ್ಮ ಮನೆಯ ಅಕ್ವೇರಿಯಂ ದೊಡ್ಡದೇನಲ್ಲ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿಗಿಂತ ತುಸು ಹೆಚ್ಚು ಎತ್ತರದ, ಸುಮಾರು 60 ಲೀಟರ್ ನೀರು ಹಿಡಿಯುವ ಗಾಜಿನ ತೊಟ್ಟಿ. ಅದರಲ್ಲಿ ಎಂಟು ರಾಸ್ಬೋರಾ ಮೀನು, ನಾಲ್ಕು ಕೋರಿ ಮೀನು, ಉಳಿದದ್ದೆಲ್ಲ ಗಿಡ. ಈ ಗಿಡಗಳದ್ದೊಂದು ವಿಚಿತ್ರ ನಡವಳಿಕೆ ಬಹಳ ದಿನ ನನ್ನನ್ನು ಕಾಡಿತ್ತು. ಭಾನುವಾರ ಬೆಳಗ್ಗೆ ಅರ್ಧದಷ್ಟು ನೀರು ತೆಗೆದು ಹೊಸ ನೀರು ತುಂಬಿದರೆ, ಒಂದು ಗಂಟೆ ಕಳೆಯುವಷ್ಟರಲ್ಲಿ ಎಲೆಗಳ ಅಂಚಿನಿಂದ, ಕತ್ತರಿಸಿದ ಕಾಂಡದ ತುದಿಯಿಂದ ಸಾಸಿವೆ ಕಾಳಿಗಿಂತ ಚಿಕ್ಕ ಗುಳ್ಳೆಗಳು ಸಾಲುಗಟ್ಟಿ ಮೇಲೇರುತ್ತಿದ್ದವು. ಸೋಮವಾರದಿಂದ ಶನಿವಾರದವರೆಗೆ ಅದೇ ಬೆಳಕು, ಅದೇ ಗೊಬ್ಬರ ಇದ್ದರೂ ಒಂದು ಗುಳ್ಳೆಯೂ ಕಾಣುತ್ತಿರಲಿಲ್ಲ. ಗಾಜಿಗೆ ಅಂಟಿಕೊಳ್ಳುವ ಗುಳ್ಳೆಗಳ ಮಾತು ಬೇರೆ. ಅವು ಒತ್ತಡದಲ್ಲಿದ್ದ ನೀರು ಹೊರಬಂದಾಗ ಬಿಡುಗಡೆಯಾಗುವ ಗಾಳಿ. ನಾನು ಹೇಳುತ್ತಿರುವುದು ಎಲೆಯ ಒಂದೇ ಬಿಂದುವಿನಿಂದ ದಾರ ಹಿಡಿದಂತೆ ಎಡೆಬಿಡದೆ ಹೊರಡುವ ಗುಳ್ಳೆಗಳ ಬಗ್ಗೆ. ಅದು ಗಿಡ ತಯಾರಿಸಿದ ಆಮ್ಲಜನಕ.

ನಮ್ಮ ಬಡಾವಣೆ ಬೆಂಗಳೂರಿನ ಅಂಚಿನಲ್ಲಿದೆ, ನೀರೆಲ್ಲ ಬೋರ್‌ವೆಲ್‌ನದು. ಮೋಟರ್ ಹಾಕಿದಾಗ ಸಂಪಿಗೆ ಬೀಳುವ ಪೈಪಿನಿಂದ ನೇರವಾಗಿ ಬಕೆಟ್ಟಿಗೆ ಹಿಡಿದು ತೊಟ್ಟಿಗೆ ಸುರಿಯುವುದು ನನ್ನ ರೂಢಿಯಾಗಿತ್ತು. ಒಂದು ಭಾನುವಾರ ಆ ಬಕೆಟ್ಟಿನ ನೀರಿನ ಪಿಎಚ್, ಅಂದರೆ ಆಮ್ಲೀಯತೆಯ ಅಂಕಿ, ಅಳೆದಾಗ 7.2 ಬಂತು. ಉಳಿದ ನೀರು ಬಕೆಟ್ಟಿನಲ್ಲೇ ಇತ್ತು. ಮರುದಿನ ಬೆಳಗ್ಗೆ ಅದನ್ನೇ ಅಳೆದರೆ 8.3. ಪಿಎಚ್ ಪೆನ್ ಕೆಟ್ಟಿದೆಯೆಂದು ತೀರ್ಮಾನಿಸಿ, ಅದರ ಜೊತೆಗೆ ಬಂದಿದ್ದ 4.00, 6.86 ಮತ್ತು 9.18 ಪಿಎಚ್ ಕೊಡುವ ಪುಡಿ ಪೊಟ್ಟಣಗಳನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿ ಪೆನ್ನನ್ನು ಸರಿಹೊಂದಿಸಿದೆ. ಮತ್ತೆ ಅದೇ ಫಲಿತಾಂಶ. ಪೆನ್ನಿನಲ್ಲಿ ದೋಷವಿರಲಿಲ್ಲ. ಬಕೆಟ್ಟಿಗೆ ಏನನ್ನೂ ಹಾಕದೆ, ಅದರಿಂದ ಏನನ್ನೂ ತೆಗೆಯದೆ, ನೀರಿನ ಆಮ್ಲೀಯತೆ ಒಂದೇ ರಾತ್ರಿಯಲ್ಲಿ ಹತ್ತು ಪಟ್ಟಿಗಿಂತ ಹೆಚ್ಚು ಇಳಿದಿತ್ತು.

ಹತ್ತು ಪಟ್ಟು ಎಂದದ್ದು ಉತ್ಪ್ರೇಕ್ಷೆಯಲ್ಲ. 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೋರೆನ್ ಸೋರೆನ್‌ಸೆನ್ ರೂಪಿಸಿದ ಈ ಅಳತೆಗೋಲಿನಲ್ಲಿ ಒಂದು ಅಂಕಿ ಇಳಿದರೆ ನೀರಿನ ಹೈಡ್ರೋಜನ್ ಅಯಾನುಗಳು ಹತ್ತು ಪಟ್ಟು ಹೆಚ್ಚಿದವೆಂದೂ, ಎರಡು ಅಂಕಿ ಇಳಿದರೆ ನೂರು ಪಟ್ಟು ಹೆಚ್ಚಿದವೆಂದೂ ಅರ್ಥ. 7.2ಕ್ಕೂ 8.3ಕ್ಕೂ ನಡುವೆ ಕೇವಲ 1.1 ಎಂದು ನಾವು ಅಂದುಕೊಳ್ಳುವುದು ಅಂಗಡಿಯ ಲೆಕ್ಕ. ನೀರಿನ ಲೆಕ್ಕ ಬೇರೆ. ಸೋರೆನ್‌ಸೆನ್ ಕೆಲಸ ಮಾಡುತ್ತಿದ್ದದ್ದು ಬಿಯರ್ ತಯಾರಕರ ಪ್ರಯೋಗಾಲಯದಲ್ಲಿ, ಯೀಸ್ಟ್ ಮತ್ತು ಇಂಗಾಲದ ಡೈಆಕ್ಸೈಡಿನ ನಡುವೆ ಎಂಬುದು ನಮ್ಮಂಥ ಅಕ್ವೇರಿಯಂ ಹುಚ್ಚಿನವರಿಗೆ ಹತ್ತಿರವೆನಿಸುವ ಸಂಗತಿ.

ಬಕೆಟ್ಟಿನಿಂದ ಹೊರಟುಹೋದದ್ದು ಆ ಇಂಗಾಲದ ಡೈಆಕ್ಸೈಡೇ. ಮಣ್ಣಿನೊಳಗೆ ಬೇರುಗಳೂ ಸೂಕ್ಷ್ಮಾಣುಗಳೂ ಸದಾ ಉಸಿರಾಡುತ್ತಿರುವುದರಿಂದ ಮಣ್ಣಿನ ಸಂದುಗಳಲ್ಲಿರುವ ಗಾಳಿಯಲ್ಲಿ ಈ ಅನಿಲ ಹೊರಗಿನ ಗಾಳಿಗಿಂತ ಎಷ್ಟೋ ಪಟ್ಟು ಹೆಚ್ಚಾಗಿರುತ್ತದೆ. ಇಂಗುವ ಮಳೆನೀರು ಅದನ್ನು ಕರಗಿಸಿಕೊಂಡು ದುರ್ಬಲ ಕಾರ್ಬಾನಿಕ್ ಆಮ್ಲವಾಗಿ, ಬಂಡೆಯಲ್ಲೂ ಮಣ್ಣಿನಲ್ಲೂ ಇರುವ ಸುಣ್ಣದಂಥ ಖನಿಜಗಳನ್ನು ಕರಗಿಸುತ್ತ ಇಳಿದು, ಬೈಕಾರ್ಬೊನೇಟ್ ತುಂಬಿಕೊಂಡ ಗಡಸು ನೀರಾಗಿ ಕೆಳಗೆ ಸೇರುತ್ತದೆ. ಮೋಟರ್ ಅದನ್ನು ಮೇಲಕ್ಕೆತ್ತಿದ ಕೂಡಲೇ ಹೆಚ್ಚುವರಿ ಅನಿಲ ಗಾಳಿಗೆ ಹಾರತೊಡಗುತ್ತದೆ, ಬೈಕಾರ್ಬೊನೇಟ್ ಮಾತ್ರ ನೀರಿನಲ್ಲೇ ಉಳಿಯುತ್ತದೆ. ಆಮ್ಲದ ಪಾಲು ಕಳೆದು ಕ್ಷಾರದ ಪಾಲು ಹಾಗೆಯೇ ಉಳಿದ ಮೇಲೆ ಪಿಎಚ್ ಏರದೆ ಇನ್ನೇನಾದೀತು? ಇದೇ ನೀರನ್ನು ಒಲೆಯ ಮೇಲಿಟ್ಟು ಕಾಯಿಸಿದರೆ ಅನಿಲ ಇನ್ನೂ ಬೇಗ ಹೊರಬಿದ್ದು, ಕರಗಿದ್ದ ಸುಣ್ಣ ಮತ್ತೆ ಗಟ್ಟಿಯಾಗಿ ಕಾಫಿ ನೀರಿನ ಪಾತ್ರೆಯ ತಳದಲ್ಲಿ, ಗೀಸರಿನ ಕಾಯಿಲ್ ಮೇಲೆ ಬಿಳಿಯ ಚಕ್ಕೆಯಾಗಿ ಕೂರುತ್ತದೆ.

ಅಕ್ವೇರಿಯಂ ಲೋಕದಲ್ಲಿ ಈ ಬೈಕಾರ್ಬೊನೇಟಿನ ಅಳತೆಗೆ ಕೆಎಚ್ ಎನ್ನುತ್ತಾರೆ. ಒಂದು ಡಿಗ್ರಿ ಕೆಎಚ್ ಎಂದರೆ ಲೀಟರಿಗೆ ಸುಮಾರು 17.9 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. ಐದು ಮಿಲಿಲೀಟರ್ ನೀರಿಗೆ ದ್ರಾವಣವನ್ನು ಹನಿಹನಿಯಾಗಿ ಹಾಕುತ್ತ, ನೀಲಿ ಬಣ್ಣ ಹಳದಿಗೆ ತಿರುಗುವವರೆಗೆ ಹನಿ ಎಣಿಸುವ ಕಿಟ್ ಇದೆ, ಒಂದು ಹನಿಗೆ ಒಂದು ಡಿಗ್ರಿ. ನಮ್ಮ ಬೋರ್ ನೀರಿಗೆ ಹದಿನಾಲ್ಕು ಹನಿ ಬೇಕಾದವು. ಕೆಎಚ್, ಪಿಎಚ್ ಮತ್ತು ಕರಗಿದ ಇಂಗಾಲದ ಡೈಆಕ್ಸೈಡ್ ಈ ಮೂರೂ ಒಂದಕ್ಕೊಂದು ಕಟ್ಟಿಹಾಕಿಕೊಂಡಿವೆ, ಎರಡು ತಿಳಿದರೆ ಮೂರನೆಯದು ಲೆಕ್ಕಕ್ಕೆ ಸಿಗುತ್ತದೆ. ಕೆಎಚ್ ಅನ್ನು ಮೂರರಿಂದ ಗುಣಿಸಿ, 7ರಿಂದ ಪಿಎಚ್ ಕಳೆದು ಬಂದ ಸಂಖ್ಯೆಯನ್ನು ಹತ್ತರ ಘಾತವಾಗಿಟ್ಟು ಮತ್ತೆ ಗುಣಿಸಿದರೆ, ಲೀಟರಿಗೆ ಎಷ್ಟು ಮಿಲಿಗ್ರಾಂ ಅನಿಲವಿದೆಯೆಂಬುದು ತಿಳಿಯುತ್ತದೆ. ಕೆಎಚ್ 14, ಪಿಎಚ್ 7.2 ಎಂದರೆ 26 ಮಿಲಿಗ್ರಾಂ; ಕೆಎಚ್ 14, ಪಿಎಚ್ 8.3 ಎಂದರೆ ಬರೀ 2. ಗಿಡಗಳ ಭಾನುವಾರದ ಸಂಭ್ರಮಕ್ಕೆ ಕಾರಣ ಈ 26ರಲ್ಲಿತ್ತು. ಪೈಪಿನಿಂದ ನೇರ ಬಂದ ನೀರಿನ ಜೊತೆ ಅವುಗಳಿಗೆ ಕೆಲವು ಗಂಟೆಗಳ ಮಟ್ಟಿಗೆ ಭೂರಿ ಭೋಜನ ಸಿಗುತ್ತಿತ್ತು, ಸಂಜೆಯ ಹೊತ್ತಿಗೆ ಅದು ಹಾರಿಹೋಗುತ್ತಿತ್ತು.

ಇದನ್ನೆಲ್ಲ ತಿಳಿಯುವ ಮೊದಲೇ ಒಂದು ಅವಾಂತರ ಮಾಡಿಕೊಂಡಿದ್ದೆ. 8.3 ಎಂಬ ಅಂಕಿ ನೋಡಿ ಗಾಬರಿಯಾಗಿ, ಅಂಗಡಿಯವರು ಕೊಟ್ಟ ‘ಪಿಎಚ್ ಡೌನ್’ ದ್ರವವನ್ನು ಪಿಎಚ್ 7.0 ತಲುಪುವವರೆಗೆ ಹಾಕುತ್ತ ಹೋದೆ. ಅಂಕಿ ಚೆನ್ನಾಗಿಯೇ ಇಳಿಯಿತು. ಅರ್ಧ ಗಂಟೆಯೊಳಗೆ ಎಂಟೂ ರಾಸ್ಬೋರಾಗಳು ನೀರಿನ ಮೇಲ್ಪದರಕ್ಕೆ ಬಂದು, ಬಾಯಿ ಮೇಲೆ ಮಾಡಿ, ಕಿವಿರುಗಳನ್ನು ಪಟಪಟನೆ ಬಡಿಯುತ್ತ ನಿಂತವು. ಆ ಬಾಟಲಿಯಲ್ಲಿದ್ದದ್ದು ಆಮ್ಲ. ಆಮ್ಲ ಬಿದ್ದಾಗ ಬೈಕಾರ್ಬೊನೇಟ್ ಒಡೆದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಹದಿನಾಲ್ಕು ಡಿಗ್ರಿ ಕೆಎಚ್ ಇರುವ ನೀರನ್ನು ಒಂದೇ ಸಲಕ್ಕೆ 7.0ಕ್ಕೆ ಇಳಿಸಿದರೆ ಲೀಟರಿಗೆ 40 ಮಿಲಿಗ್ರಾಂ ಆಸುಪಾಸಿನ ಅನಿಲ ಅಲ್ಲೇ ಹುಟ್ಟಿಕೊಳ್ಳುತ್ತದೆ. ನಿಂಬೆಹಣ್ಣು ಹಿಂಡಿದಾಗ ಅಡುಗೆ ಸೋಡಾ ಬುರುಗುವ ಕ್ರಿಯೆಯನ್ನೇ ನಾನು ಮೀನುಗಳು ಓಡಾಡುತ್ತಿದ್ದ ತೊಟ್ಟಿಯೊಳಗೆ ನಡೆಸಿದ್ದೆ. ಏರ್ ಪಂಪ್ ಜೋರಾಗಿ ಬಿಟ್ಟು, ಮಗ್ಗಿನಿಂದ ನೀರೆತ್ತಿ ಎತ್ತಿ ಸುರಿದು, ಮೀನುಗಳು ಕೆಳಗಿಳಿಯುವಷ್ಟರಲ್ಲಿ ಮಧ್ಯರಾತ್ರಿ ದಾಟಿತ್ತು. ಬೆಳಗ್ಗೆ ಪಿಎಚ್ ನೋಡಿದರೆ 8.2! ಅನಿಲ ಹೋಗಿತ್ತು, ಬೈಕಾರ್ಬೊನೇಟ್ ಬಹುಪಾಲು ಉಳಿದಿತ್ತು, ಅಂಕಿ ತನ್ನ ಜಾಗಕ್ಕೆ ಮರಳಿತ್ತು. ಗಡಸು ನೀರಿನಲ್ಲಿ ಆ ಬಾಟಲಿಯಿಂದ ಪಿಎಚ್ ಇಳಿಸಹೊರಡುವುದು ಕೊನೆಯಿಲ್ಲದ ಕೆಲಸವೆಂದು ಅಂದೇ ಗೊತ್ತಾಯಿತು, ಬಾಟಲಿ ಇನ್ನೂ ಅಟ್ಟದ ಮೇಲಿದೆ.

ಗಿಡಗಳಿಗೆ ಇಷ್ಟು ಅನಿಲದ ಹಸಿವೇಕೆ ಎಂಬ ಪ್ರಶ್ನೆ ಸಹಜ. ಗಾಳಿಗೆ ತೆರೆದಿಟ್ಟ ನೀರು ಸಮತೋಲಕ್ಕೆ ಬಂದಾಗ ಅದರಲ್ಲಿ ಲೀಟರಿಗೆ ಸುಮಾರು 0.6 ಮಿಲಿಗ್ರಾಂ ಇಂಗಾಲದ ಡೈಆಕ್ಸೈಡ್ ಮಾತ್ರ ಉಳಿಯುತ್ತದೆ. ಸಾಲದ್ದಕ್ಕೆ, ಅನಿಲ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುವುದರಿಂದ, ಎಲೆಯ ಸುತ್ತಲಿನ ತೆಳುವಾದ ನೀರಿನ ಪದರದಲ್ಲಿದ್ದದ್ದು ಖರ್ಚಾದ ಮೇಲೆ ಹೊಸದು ಬಂದು ಸೇರಲು ಹೊತ್ತು ಹಿಡಿಯುತ್ತದೆ. ಕೆಲವು ಗಿಡಗಳು ಇದಕ್ಕೆ ಉಪಾಯ ಕಂಡುಕೊಂಡಿವೆ. ನಮ್ಮ ಕೆರೆಗಳಲ್ಲಿ ತಾನಾಗಿ ಬೆಳೆಯುವ ಹೈಡ್ರಿಲ್ಲಾ ಮತ್ತು ವ್ಯಾಲಿಸ್ನೇರಿಯಾಗಳು ಅನಿಲ ಸಿಗದಿದ್ದಾಗ ಬೈಕಾರ್ಬೊನೇಟನ್ನೇ ಒಡೆದು ಇಂಗಾಲ ಪಡೆಯಬಲ್ಲವು. ಹಾಗೆ ಮಾಡುವಾಗ ನೀರಿನ ಪಿಎಚ್ ಏರುತ್ತದೆ, ಎಲೆಯ ಮೇಲೆ ಸುಣ್ಣದ ಪುಡಿಯಂಥ ಪದರ ಕೂರುತ್ತದೆ. ಹೈಡ್ರಿಲ್ಲಾ ಒತ್ತಾಗಿ ಬೆಳೆದ ಕೆರೆಯಲ್ಲಿ ಬಿಸಿಲಿನ ಮಧ್ಯಾಹ್ನ ಪಿಎಚ್ 9ನ್ನೂ ದಾಟುವುದು, ರಾತ್ರಿ ಗಿಡಗಳೂ ಮೀನುಗಳೂ ಉಸಿರಾಡಿ ಅದು ಮತ್ತೆ ಇಳಿಯುವುದು ಇದೇ ಕಾರಣಕ್ಕೆ. ಜಲಪಾಚಿಯಂತೆ ಕಾಣುವ ಮಾಸ್‌ಗಳಿಗೂ ಕ್ಯಾಬೋಂಬಾಕ್ಕೂ ಈ ವಿದ್ಯೆ ಗೊತ್ತಿಲ್ಲ, ಅವುಗಳಿಗೆ ಕರಗಿದ ಅನಿಲವೇ ಬೇಕು. ನನ್ನ ತೊಟ್ಟಿಯಲ್ಲಿ ವ್ಯಾಲಿಸ್ನೇರಿಯಾ ಒರಟಾಗಿಯಾದರೂ ಹಬ್ಬುತ್ತಿದ್ದು ಕ್ಯಾಬೋಂಬಾ ತಿಂಗಳೊಳಗೆ ಕರಗಿಹೋದದ್ದು ಏಕೆಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಅನಿಲವನ್ನು ಹೊರಗಿನಿಂದ ಕೊಡುವ ನಿರ್ಧಾರ ಮಾಡಿದಾಗ ಮೊದಲು ಹಿಡಿದದ್ದು ಬಡವರ ದಾರಿಯನ್ನು: ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ, 200 ಗ್ರಾಂ ಸಕ್ಕರೆ, ಕಾಲು ಚಮಚ ಯೀಸ್ಟ್, ಉಗುರುಬೆಚ್ಚಗಿನ ನೀರು. ಲೆಕ್ಕದ ಪ್ರಕಾರ ಅಷ್ಟು ಸಕ್ಕರೆ ಪೂರ್ತಿ ಹುದುಗಿದರೆ 100 ಗ್ರಾಮಿನಷ್ಟು ಇಂಗಾಲದ ಡೈಆಕ್ಸೈಡ್ ಬರಬೇಕು, ಮದ್ಯಸಾರ ಹೆಚ್ಚಿದಂತೆ ಯೀಸ್ಟ್ ಸೋಲುವುದರಿಂದ ಅಷ್ಟು ಬರುವುದಿಲ್ಲ. ಮೊದಲ ಮೂರು ದಿನ ಭೋರ್ಗರೆತ, ಎರಡನೆಯ ವಾರ ನಿಟ್ಟುಸಿರು. ಮುಚ್ಚುವ ಕವಾಟವಿಲ್ಲದ ಕಾರಣ ರಾತ್ರಿಯೂ ಅನಿಲ ಹರಿಯುತ್ತಿತ್ತು, ಆ ಹೊತ್ತಿನಲ್ಲಿ ಗಿಡಗಳಿಗೆ ಅದರ ಅಗತ್ಯವೇ ಇರುವುದಿಲ್ಲ. ನಾಲ್ಕು ತಿಂಗಳ ನಂತರ ಸಿಲಿಂಡರ್ ತಂದೆ.

ಸಿಲಿಂಡರಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಮೀಟರಿನ ಮುಳ್ಳನ್ನು ಪೆಟ್ರೋಲ್ ಟ್ಯಾಂಕಿನ ಮುಳ್ಳಿನಂತೆ ಓದುವವರೇ ಹೆಚ್ಚು. ಒಳಗಿರುವ ಇಂಗಾಲದ ಡೈಆಕ್ಸೈಡ್ ದ್ರವರೂಪದಲ್ಲಿದ್ದು, ಅದರ ಮೇಲಿನ ಒತ್ತಡವನ್ನು ಉಷ್ಣತೆಯೊಂದೇ ನಿರ್ಧರಿಸುತ್ತದೆ: 20 ಡಿಗ್ರಿಯಲ್ಲಿ ಸುಮಾರು 57 ಬಾರ್, 30 ಡಿಗ್ರಿಯಲ್ಲಿ ಸುಮಾರು 72. ಅರ್ಧ ಖಾಲಿಯಾದರೂ ಮುಳ್ಳು ಕದಲುವುದಿಲ್ಲ. ದ್ರವದ ಕೊನೆಯ ಹನಿ ಆವಿಯಾದ ಮೇಲೆ ಕೆಲವೇ ದಿನಗಳಲ್ಲಿ ಸರ್ರನೆ ಇಳಿಯುತ್ತದೆ. ಹೀಗೆ ಇಳಿಯುವಾಗ ಅಗ್ಗದ ರೆಗ್ಯುಲೇಟರುಗಳು ಹಿಡಿತ ತಪ್ಪಿ ಉಳಿದ ಅನಿಲವನ್ನು ಒಮ್ಮೆಲೇ ತೊಟ್ಟಿಗೆ ಬಿಡುವುದುಂಟು. ಆದ್ದರಿಂದ ನಾನು ಸಿಲಿಂಡರನ್ನು ತಿಂಗಳಿಗೊಮ್ಮೆ ತೂಗಿ ನೋಡುತ್ತೇನೆ, ಮುಳ್ಳನ್ನು ನಂಬುವುದಿಲ್ಲ. 31 ಡಿಗ್ರಿ ದಾಟಿದರೆ ಒಳಗೆ ದ್ರವ-ಅನಿಲ ಎಂಬ ಭೇದವೇ ಅಳಿದು ಒತ್ತಡ ಇನ್ನೂ ಏರುವುದರಿಂದ, ಏಪ್ರಿಲ್ ತಿಂಗಳ ಬಿಸಿಲು ಬೀಳುವ ಬಾಲ್ಕನಿಯಲ್ಲಿ ಅದನ್ನಿಡುವುದು ಸರ್ವಥಾ ಸಲ್ಲದು.

ಎಷ್ಟು ಅನಿಲ ಕರಗಿದೆಯೆಂದು ಅಳೆಯುವುದೇ ಈ ಹವ್ಯಾಸದ ಕಗ್ಗಂಟು. ಸೆಕೆಂಡಿಗೆ ಇಷ್ಟು ಗುಳ್ಳೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ಗುಳ್ಳೆಯ ಗಾತ್ರ ಒಂದೊಂದು ಸಾಧನದಲ್ಲಿ ಒಂದೊಂದು ತರಹ ಇರುವಾಗ ಅದಕ್ಕೆ ಅರ್ಥವಿಲ್ಲ. ಮೇಲೆ ಹೇಳಿದ ಕೆಎಚ್-ಪಿಎಚ್ ಲೆಕ್ಕಕ್ಕೂ ಮಿತಿಯಿದೆ. ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೊರತು ಬೇರೆ ಆಮ್ಲಗಳಿಲ್ಲವೆಂದು ಅದು ಭಾವಿಸುತ್ತದೆ, ಆದರೆ ತೊಟ್ಟಿಯಲ್ಲಿ ನೆನೆದ ಮರದ ಬೊಡ್ಡೆ, ಒಣಗಿದ ಕಾಡುಬಾದಾಮಿ ಎಲೆ, ಗಿಡಗಳಿಗೆಂದು ಹಾಸುವ ವಿಶೇಷ ಮಣ್ಣು ಎಲ್ಲವೂ ಪಿಎಚ್ ಇಳಿಸುತ್ತವೆ. ಆಗ ಈ ಲೆಕ್ಕವು, ಇಲ್ಲದ ಅನಿಲವನ್ನೂ ಇದೆಯೆಂದು ತೋರಿಸುತ್ತದೆ.

ಇದಕ್ಕೆ ಡ್ರಾಪ್ ಚೆಕರ್ ಎಂಬ ಪುಟ್ಟ ಗಾಜಿನ ಬುರುಡೆ ಸೊಗಸಾದ ಪರಿಹಾರ. ತೊಟ್ಟಿಯೊಳಗೆ ತಲೆಕೆಳಗಾಗಿ ತೂಗುವ ಅದರ ಹೊಟ್ಟೆಯಲ್ಲಿ ಕೆಎಚ್ ಕರಾರುವಾಕ್ಕಾಗಿ 4 ಇರುವ ದ್ರಾವಣವೂ ಎರಡು ಹನಿ ಬ್ರೋಮೋಥೈಮಾಲ್ ಬ್ಲೂ ಬಣ್ಣವೂ ಇರುತ್ತವೆ. ತೊಟ್ಟಿಯ ನೀರಿಗೂ ಇದಕ್ಕೂ ನಡುವೆ ಒಂದು ಗಾಳಿಯ ಗುಳ್ಳೆ. ಮರದ ಬೊಡ್ಡೆಯ ಆಮ್ಲ ಆ ಗಾಳಿಯನ್ನು ದಾಟಲಾರದು, ಇಂಗಾಲದ ಡೈಆಕ್ಸೈಡ್ ದಾಟುತ್ತದೆ. ಕೆಎಚ್ 4 ಇರುವಲ್ಲಿ ನಾವು ಬಯಸುವ 30 ಮಿಲಿಗ್ರಾಂ ಅನಿಲ ಸೇರಿದರೆ ಪಿಎಚ್ 6.6 ಆಗುತ್ತದೆ, ಅಲ್ಲಿ ಈ ಬಣ್ಣ ಎಳೆ ಹಸಿರು. ನೀಲಿಯಿದ್ದರೆ ಸಾಲದು, ಹಳದಿಯಾದರೆ ಅತಿಯಾಯಿತು. ದ್ರಾವಣವನ್ನು ಕೊಳ್ಳುವ ಬದಲು ಮನೆಯಲ್ಲೇ ಮಾಡಿದೆ: ಒಂದು ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ 1.2 ಗ್ರಾಂ ಅಡುಗೆ ಸೋಡಾ ಕರಗಿಸಿ, ಅದರ ಒಂದು ಭಾಗಕ್ಕೆ ಒಂಬತ್ತು ಭಾಗ ಡಿಸ್ಟಿಲ್ಡ್ ವಾಟರ್ ಬೆರೆಸಿದರೆ 4 ಡಿಗ್ರಿ. 1.2 ಗ್ರಾಂ ತೂಗುವ ತಕ್ಕಡಿ ಅಡುಗೆಮನೆಯಲ್ಲಿ ಎಲ್ಲಿರುತ್ತದೆ? ಬೀದಿ ತುದಿಯ ಚಿನ್ನದಂಗಡಿಗೆ ಪೊಟ್ಟಣ ಹಿಡಿದು ಹೋದೆ. “ಚಿನ್ನ ತೂಗೋ ತಕ್ಕಡೀಲಿ ಸೋಡಾ ತೂಗಿಸ್ತಿರೋರು ನೀವೊಬ್ರೇ ಸಾರ್” ಎಂದು ನಗುತ್ತಲೇ ಅವರು ತೂಗಿಕೊಟ್ಟರು. ಈ ಬುರುಡೆಯ ಒಂದೇ ದೋಷವೆಂದರೆ ನಿಧಾನ; ತೊಟ್ಟಿಯಲ್ಲಿ ಈಗ ಆದದ್ದನ್ನು ಅದು ಒಂದೆರಡು ಗಂಟೆ ಬಿಟ್ಟು ಹೇಳುತ್ತದೆ.

ಇನ್ನೊಂದು ವಿಧಾನವೂ ಪ್ರಚಾರದಲ್ಲಿದೆ. ತೊಟ್ಟಿಯ ನೀರನ್ನು ಲೋಟದಲ್ಲಿ ಒಂದು ದಿನ ತೆರೆದಿಟ್ಟು ಅದರ ಪಿಎಚ್ ಅಳೆದು, ಅನಿಲ ಬಿಟ್ಟಾಗ ತೊಟ್ಟಿಯ ಪಿಎಚ್ ಅದಕ್ಕಿಂತ ಒಂದು ಅಂಕಿ ಇಳಿಯುವಂತೆ ನೋಡಿಕೊಳ್ಳುವುದು. ಬೇರೆ ಆಮ್ಲಗಳು ಎರಡೂ ಅಳತೆಗಳಲ್ಲಿ ಸಮನಾಗಿರುವುದರಿಂದ ಅವುಗಳ ಕಾಟ ತಪ್ಪುತ್ತದೆ ಎಂಬುದು ಇದರ ಜಾಣತನ. ಆದರೆ ಒಂದು ಅಂಕಿ ಎಂದರೆ ಹತ್ತು ಪಟ್ಟು, ಆದ್ದರಿಂದ 30 ಮಿಲಿಗ್ರಾಂ ಬರಬೇಕಾದರೆ ಲೋಟದಲ್ಲಿ 3 ಮಿಲಿಗ್ರಾಂ ಇತ್ತೆಂದು ಮೊದಲೇ ಒಪ್ಪಿಕೊಂಡಂತಾಯಿತು. ಲೋಟದ ನೀರು ನಿಜವಾಗಿ 0.6ಕ್ಕೆ ಇಳಿದಿದ್ದರೆ ಒಂದು ಅಂಕಿಯ ಇಳಿಕೆ ಕೊಡುವುದು 6 ಮಿಲಿಗ್ರಾಂ ಮಾತ್ರ. 30 ಮುಟ್ಟಲು 1.7 ಅಂಕಿ ಇಳಿಯಬೇಕು. ಈ ನಿಯಮವನ್ನು ಅನುಸರಿಸಿ ಒಬ್ಬರಿಗೆ ಗಿಡ ಸೊಗಸಾಗಿ ಬಂದು ಮತ್ತೊಬ್ಬರಿಗೆ ಏನೂ ಬಾರದಿರುವುದರ ಗುಟ್ಟು ಬಹುಶಃ ಇಲ್ಲೇ ಇದೆ. ನಾನು ಎರಡನ್ನೂ ಬಳಸುತ್ತೇನೆ, ಭಿನ್ನಾಭಿಪ್ರಾಯ ಬಂದಾಗ ಬುರುಡೆಯ ಮಾತು ಕೇಳುತ್ತೇನೆ.

ಮತ್ತು ಎಲ್ಲಕ್ಕಿಂತ ಮೊದಲು ಮೀನುಗಳ ಮಾತು ಕೇಳುತ್ತೇನೆ. ಮೀನು ತನ್ನ ರಕ್ತದ ಇಂಗಾಲದ ಡೈಆಕ್ಸೈಡನ್ನು ಕಿವಿರಿನ ಮೂಲಕ ನೀರಿಗೆ ಬಿಡುತ್ತದೆ. ನೀರಿನಲ್ಲೇ ಅದು ತುಂಬಿಕೊಂಡಿದ್ದರೆ ಬಿಡುವುದು ಕಷ್ಟ. ರಕ್ತದಲ್ಲಿ ಆ ಅನಿಲ ಹೆಚ್ಚಿದಂತೆ ಹಿಮೋಗ್ಲೋಬಿನ್ನಿಗೆ ಆಮ್ಲಜನಕವನ್ನು ಹಿಡಿಯುವ ಶಕ್ತಿ ಕುಗ್ಗುತ್ತದೆ ಎಂಬುದನ್ನು 1904ರಲ್ಲಿ ತೋರಿಸಿಕೊಟ್ಟ ಕ್ರಿಶ್ಚಿಯನ್ ಬೋರ್ ಕೂಡ ಕೋಪನ್‌ಹೇಗನ್ನಿನವರೇ, ಪರಮಾಣು ವಿಜ್ಞಾನಿ ನೀಲ್ಸ್ ಬೋರ್ ಅವರ ತಂದೆ. ನೀರಿನಲ್ಲಿ ಆಮ್ಲಜನಕ ಸಾಕಷ್ಟಿದ್ದರೂ ಅಂದು ನನ್ನ ರಾಸ್ಬೋರಾಗಳು ಉಸಿರುಕಟ್ಟಿ ಮೇಲೆ ಬಂದದ್ದಕ್ಕೆ ಇದೇ ಕಾರಣ. ಕೋರಿಗಳು ಆಗಾಗ ಮೇಲೆ ಹಾರಿ ಗಾಳಿ ನುಂಗಿ ಕೆಳಗಿಳಿಯುವುದು ಅವುಗಳ ಸ್ವಭಾವ, ಅದನ್ನು ನೋಡಿ ಹೆದರಬೇಕಿಲ್ಲ. ರಾಸ್ಬೋರಾ ಮೇಲೆ ಬಂದು ಅಲ್ಲೇ ನಿಂತರೆ ಕೂಡಲೇ ಕವಾಟ ಮುಚ್ಚಬೇಕು. ದಿನವೂ ಪಿಎಚ್ ಒಂದು ಅಂಕಿ ಇಳಿದು ಏರಿದರೆ ಮೀನು ಸಾಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅನಿಲದಿಂದಾಗುವ ಆ ಏರಿಳಿತದಲ್ಲಿ ನೀರಿನ ಲವಣಗಳು ಬದಲಾಗುವುದಿಲ್ಲ, ಕೆರೆಯ ಮೀನು ಪ್ರತಿದಿನ ಇದನ್ನು ಕಾಣುತ್ತದೆ. ಲವಣದ ಪ್ರಮಾಣವೇ ತಟ್ಟನೆ ಬದಲಾಗುವಂತೆ ನೀರು ಬದಲಿಸುವುದು ಇದಕ್ಕಿಂತ ಅಪಾಯಕರ. ಪಿಎಚ್ ಏರಿಕೆ ನಿಜವಾಗಿ ಕೇಡು ಮಾಡುವುದು ನೀರಿನಲ್ಲಿ ಅಮೋನಿಯಾ ಸೇರಿಕೊಂಡಾಗ: ಅದರ ವಿಷಕಾರಿ ರೂಪ 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7.0 ಇದ್ದಾಗ ಶೇಕಡ 1ಕ್ಕೂ ಕಡಿಮೆ, 8.3 ಆದಾಗ ಶೇಕಡ 10ರಷ್ಟು.

ಕೆಎಚ್ 14ರ ನೀರಿನಲ್ಲಿ ಗಿಡ ಬೆಳೆಸುವುದು ಅಸಾಧ್ಯವೇನಲ್ಲ; ಅಲ್ಲಿ 30 ಮಿಲಿಗ್ರಾಂ ಎಂದರೆ ಪಿಎಚ್ 7.15ರ ಹತ್ತಿರ, ಅಷ್ಟೇ. ಆದರೂ ಮೆದು ನೀರು ಬಯಸುವ ಗಿಡಗಳ ಆಸೆಯಿಂದ ಈಗ ತಾರಸಿಯ ಮಳೆನೀರನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಿಡಿದು, ಮೂರು ಪಾಲು ಅದಕ್ಕೆ ಒಂದು ಪಾಲು ಬೋರ್ ನೀರು ಬೆರೆಸುತ್ತೇನೆ. ಮೊದಲ ಮಳೆಯ ಕೊಳೆಯನ್ನು ಹರಿಯಬಿಟ್ಟ ಮೇಲೆಯೇ ಹಿಡಿಯಬೇಕು. ಸಿಮೆಂಟಿನ ಹೊಸ ಸಂಪಿನಲ್ಲಿ ಶೇಖರಿಸಿದರೆ ಸುಣ್ಣ ಬಿಟ್ಟುಕೊಂಡು ಮಳೆನೀರೂ ಬೋರ್ ನೀರಿನ ಗುಣಕ್ಕೇ ಬರುತ್ತದೆ, ಅದಕ್ಕಾಗಿಯೇ ಡ್ರಮ್ಮು. ಬರೀ ಮಳೆನೀರನ್ನೇ ಹಾಕಿದರೂ ತೊಂದರೆ: ಮೀನಿನ ಹೊಲಸನ್ನು ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾಗಳು ದಿನದಿನಕ್ಕೆ ಬೈಕಾರ್ಬೊನೇಟನ್ನು ತಿಂದುಹಾಕುತ್ತವೆ, ಅದು ಮುಗಿದ ದಿನ ಪಿಎಚ್ 6ರ ಕೆಳಗೆ ಕುಸಿದು ಆ ಬ್ಯಾಕ್ಟೀರಿಯಾಗಳೇ ಮಂದವಾಗುತ್ತವೆ. ಬೆರಕೆ ನೀರಿನ ಕೆಎಚ್ 3.5.

ಈಗ ಟೈಮರ್ ಬೆಳಗ್ಗೆ ಎಂಟಕ್ಕೆ ಅನಿಲ ಬಿಡುತ್ತದೆ, ಹತ್ತಕ್ಕೆ ದೀಪ ಹೊತ್ತಿಕೊಳ್ಳುತ್ತದೆ, ದೀಪ ಆರುವ ಒಂದು ಗಂಟೆ ಮೊದಲೇ ಅನಿಲ ನಿಲ್ಲುತ್ತದೆ. ಫಿಲ್ಟರಿನ ಬಾಯಿ ನೀರಿನ ಮೇಲ್ಪದರವನ್ನು ಸಣ್ಣಗೆ ಕದಡುವಂತೆ ತಿರುಗಿಸಿದ್ದೇನೆ. ತುಸು ಅನಿಲ ಪೋಲಾಗುತ್ತದೆ ನಿಜ, ಮೀನುಗಳಿಗೆ ಆಮ್ಲಜನಕ ಸಿಗುತ್ತದೆ. ಹತ್ತು ಗಂಟೆಗೆ ಪೆನ್ ಅದ್ದಿದರೆ 6.5 ಅಥವಾ 6.6, ಬುರುಡೆ ಹಸಿರು. ಗುಳ್ಳೆಗಳು ಹನ್ನೊಂದೂವರೆಗೆ ಶುರುವಾಗುತ್ತವೆ, ಮಂಗಳವಾರವೂ ಗುರುವಾರವೂ. ಡ್ರಮ್ಮಿನಲ್ಲಿ ವಾರವಿಡೀ ನಿಂತ ನೀರು ಬೀಳುವ ಭಾನುವಾರ ಮಾತ್ರ ಅರ್ಧ ತಾಸು ತಡ.